ಓದದೆ ಬಿಟ್ಟ ಸಾಲು

ಮಂಗಳವಾರ, ಶುಕ್ರವಾರ
ಯಾದಗಿರಿ ಸ್ಟೇಷನ್ನಿನಿಂದ ಟಪಾಲಿನ ಚೀಲ ಬರುತ್ತದೆ.
ಮಹಾಂತವ್ವ ಸಾವಕಾರ್ತಿ ಪಡಸಾಲೆಯ ಕಂಬಕ್ಕೊರಗಿ
ಹತ್ತಿ ಬಿಡಿಸುತ್ತ ಕೂಡುತ್ತಾರೆ.
ಓದುವವನು ನಾನು.
ಕನ್ನಡ, ಮೋಡಿ, ಉರ್ದು, ಮೂರಕ್ಕೂ ಸೇರಿ
ತಿಂಗಳಿಗೆ ಒಂಬತ್ತು ಹಾಲಿ ರೂಪಾಯಿ.

ಪ್ರತಿ ಕಾಗದದ ನೆತ್ತಿಯ ಮೇಲೂ ‘ಗಂ. ಭಾ.’
ಗಂಗೆ, ಭಾಗೀರಥಿ:
ಗಂಡ ಸತ್ತವಳ ಮೇಲೆ
ಒಂದೇ ಹೊಳೆಯನ್ನು ಎರಡು ಸಲ ಹೊರಿಸಿ
ಮರ್ಯಾದೆ ಮಾಡುವ ಪದ್ಧತಿ.
ಅವ್ವ ಭೀಮೆಯ ದಂಡೆಯವರು.
ಗಂಗೆಯನ್ನು ಕಂಡವರಲ್ಲ.

ಆಮೇಲೆ ಬೇಡಿಕೆ.
ಚಿತ್ತಾಪುರದ ಪಂತೋಜಿಗೆ ಶಾಲೆಯ ಮೇಲೆ ಹೆಂಚು.
ಶಹಾಪುರದ ಮುದಿ ಖಾಜಿಗೆ ಕನ್ನಡಕ,
ಹೈದರಾಬಾದಿನಿಂದಲೇ ತರಿಸಬೇಕಂತೆ,
ಚೌಕಟ್ಟು ಬೆಳ್ಳಿಯದಾದರೆ ಉತ್ತಮವಂತೆ.
ಸುರಪುರದ ಒಬ್ಬ ಕವಿ
ಕಾಮಧೇನುವೇ ಎಂದು ಹದಿನಾರು ಕಂದ ಹೊಸೆದು
ಕೊನೆಗೆ ಒಂದು ಎಮ್ಮೆ ಕೇಳಿದ್ದ.
ಅವ್ವ ನಕ್ಕರು:
“ಎಮ್ಮಿ ಕೊಡ್ರಿ. ಪದ್ಯ ವಾಪಸ ಕಳಸ್ರಿ.”

ಆ ಶುಕ್ರವಾರ ಬಂದ ಒಂದಕ್ಕೆ
ಅರ್ಧಾಣೆಯ ತಿಕೀಟೂ ಇರಲಿಲ್ಲ.
ಕೈಬರಹ ತಾರ್ ಆಫೀಸಿನ ಬಾಬುವಿನದು,
ಮಾತು ವಡ್ಡರ ಹುಲಗವ್ವನದು.
ಓದಿದೆ:
ನೀವು ತೋಡಿಸಿದ ಬಾವಿ ನೀರು ಸಿಹಿ ಅದಾವು.
ಊರು ಕುಡೀತದ. ನಾನೂ ಕುಡೀತೀನಿ.
ಶರಣು.
ಮಡಿಚಿ ಕೆಳಗಿಟ್ಟೆ.

ಹತ್ತಿ ಬಿಡಿಸುವ ಬೆರಳು ನಿಂತವು.
“ಕಾಗದ ಮೊಳದುದ್ದ ಐತಿ, ಮುನಶಿ.
ನಿಮ್ಮ ದನಿ ಗೇಣುದ್ದ ಬಂತು.”
ಮೂವತ್ತು ವರ್ಷ ತಕ್ಕಡಿಯ ಪಕ್ಕ ಕೂತವರು.
ಅಕ್ಷರ ಬಾರದಿದ್ದರೇನು, ತೂಕ ಬರುತ್ತದೆ.

ಬಿಟ್ಟದ್ದನ್ನು ಓದಿದೆ:
ಬಾವಿ ಕಲ್ಲಿನ ಮ್ಯಾಲ ನಿಮ್ಮ ಯಜಮಾನರ ಹೆಸರು ಕೆತ್ತಿಸೀರಿ.
ಛಲೋ ಮಾಡೀರಿ.
ಹನ್ನೆರಡನೆ ಮೆಟ್ಟಲ ಕಡಿಯೂಮುಂದ ಕಲ್ಲು ಉರುಳಿ
ನಮ್ಮವರು ಹ್ವಾದ್ರು.
ನೀರು ಬಿದ್ದದ್ದು ಮರುದಿನ.
ರೊಕ್ಕ ಬ್ಯಾಡ, ಕಾಳು ಬ್ಯಾಡ.
ಅದೇ ಕಲ್ಲಿನ ಬೆನ್ನಿಗೆ ಅವರ ಹೆಸರು ಇರ್ಲಿ.
ಹೆಸರು ನಾ ಹ್ಯಾಂಗ ಹೇಳ್ಲಿ?
ಮೈಲಾಪುರದ ಗುಡ್ಡದಾಗ ಇರೋ ದೇವರನ್ನ ಕೇಳ್ರಿ,
ಅವನ ಹೆಸರೇ ಇವರದು.

ಬಹಳ ಹೊತ್ತು
ಹತ್ತಿಯ ಬೀಜವಷ್ಟೇ ಹಿತ್ತಾಳೆ ತಟ್ಟೆಗೆ ಬೀಳುತ್ತಿತ್ತು.
“ಯಾಕ ಬಿಟ್ರಿ?”
ನಿಮಗೆ ನೋವಾದೀತು ಅಂತ, ಎಂದೆ.
“ನನ್ನ ನೋವು ನಿಮ್ಮ ಪಗಾರದಾಗ ಬರಂಗಿಲ್ಲ.”

ರಾತ್ರಿ ದೀಪ ಹಿಡಿದು ಹಳೆಯ ವಹಿ ಹುಡುಕಿದೆ.
‘ವಡ್ಡರು, ಹನ್ನೊಂದು ಆಳು’
ಎಂದಷ್ಟೇ ಇತ್ತು.
ಬರೆದವನು ನಾನೇ.

ಆ ಗುಡ್ಡದ ದೇವರಿಗೋ ಎರಡು ಹೆಸರು.
ಕಲ್ಲುಕುಟಿಗ ಉಳಿ ಹಿಡಿದು ಕೂತ.
ಕಮಾನು ಬಂಡಿ ಕಟ್ಟಿಸಿ ಅವ್ವ ತಾವೇ ಬಂದರು,
ಪರದೆ ಸರಿಸಲಿಲ್ಲ.
ಹುಲಗವ್ವ ಬಾವಿಕಟ್ಟೆಯ ಆಚೆ, ತಾನು ನಿಲ್ಲುವ ದೂರದಲ್ಲಿ ನಿಂತಳು.

ಮಲ್ಲಯ್ಯನೇನು? ಎಂದೆ.
ನೀರು ನೋಡುತ್ತಿದ್ದಳು.
ಮೈಲಾರಿಯೇನು?
ಜಾರಿದ್ದ ಸೆರಗು
ತಲೆಯ ಮೇಲೆ ಬಂತು.

ಉಳಿ ಕಲ್ಲಿಗೆ ತಾಗಿತು.

ಆಗ ಬಂಡಿಯೊಳಗಿಂದ:
“ಮುಂದಿನ ಮಗ್ಗಲಕ ಏನು ಬರದೈತಿ, ಓದ್ರಿ.”
ನಾಲ್ಕು ವರ್ಷದ ಹಿಂದೆ ಕೆತ್ತಿಸಿದ್ದು.
ಇಷ್ಟು ದಿನ ಯಾರೂ ಅವರಿಗೆ ಓದಿ ಹೇಳಿರಲಿಲ್ಲ,
ಅವರೂ ಕೇಳಿರಲಿಲ್ಲ.
ಗಟ್ಟಿಯಾಗಿ ಓದಿದೆ, ಒಂದಕ್ಷರ ಬಿಡದೆ,
ಅವರು ಬಾಯಿಂದ ಎಂದೂ ಆಡದ ಹೆಸರನ್ನು.
ಪರದೆ ಅಲುಗಿತು.
ಗಾಳಿಯೂ ಇತ್ತು, ಸುಳ್ಳೇಕೆ.

ಕೆತ್ತನೆ ಕೂಲಿ, ಒಂದು ರೂಪಾಯಿ ನಾಲ್ಕಾಣೆ,
ಎಂದು ವಹಿಗೆ ಹತ್ತಿಸಿದೆ.
ಆಮೇಲೆ ಹಿಂದಕ್ಕೆ ಹಾಳೆ ತಿರುವಿ
‘ಹನ್ನೊಂದು ಆಳು’ ಇದ್ದಲ್ಲಿ, ಅಂಚಿನಲ್ಲಿ,
ಮೈಲಾರಿ ಎಂದು ಸಣ್ಣಗೆ ಬರೆದೆ.
ಇನ್ನೂ ಹತ್ತು ಹೆಸರಿಗೆ
ಅಂಚು ಸಾಕಾಗುತ್ತದೋ ಇಲ್ಲವೋ.